ಅಡಗಿ ಮನಿ ಕಪಾಟಿನ ಅಳತಿ ಸ್ಲ್ಯಾಬಿಂದಲ್ಲ, ಅಡಗಿ ಮಾಡೋರ ಕೈದು

ಇವತ್ತು ಕಬ್ಬು, ಗೊಬ್ಬರ, ನೀರಿನ ಮಾತಿಲ್ಲ. ಅಡಗಿ ಮನಿ ಬಗ್ಗೆ ಬರೀತೀನಿ, ನಗಬ್ಯಾಡ್ರಿ. ಕಬ್ಬಿನ ಬಿಲ್ ಕೈಗೆ ಬಂತಂದ್ರ ನಮ್ಮ ಕೊಕಟನೂರಾಗ, ಸುತ್ತಮುತ್ತ ತೋಟದ ವಸ್ತಿಯೊಳಗ ಹೊಸ ಮನಿ ಏಳ್ತಾವು. ಎಲ್ಲಾರಿಗೂ ಒಂದ ಆಸೆ: ಅಡಗಿ ಕಟ್ಟಿ ಮ್ಯಾಲ ಸ್ಲ್ಯಾಬಿಗೆ ಮುಟ್ಟುವಂಗ ಕಪಾಟ. ಎರಡು ವರ್ಷದ ಹಿಂದ ನಾನೂ ಮಾಡಿಸಿದೆ. ಅದು ತಪ್ಪಾತು ಅಂತ ಹೇಳಾಕ ಈ ಬರಹ.

ಯಲ್ಲಮ್ಮನ ಜಾತ್ರಿ ಮುಂದ ಬೀಗರು ಬರೋರಿದ್ರು. ನಮ್ಮವ್ವ ಮ್ಯಾಲಿನ ಖಾನಿಯಿಂದ ದೊಡ್ಡ ಪರಾತ ತಗಿಯಾಕ ಸ್ಟೂಲ್ ಹತ್ತಿದಳು. ಜಾರಿ ಬಿದ್ದಳು, ಬಲಗೈ ಮಣಿಕಟ್ಟು ಮುರೀತು. ಎಲುಬು ಕೂಡೇತಿ ಖರೆ, ಆದ್ರ ರೊಟ್ಟಿ ಬಡಿಯಾಕ ಕುಂತ್ರ ಇವತ್ತಿಗೂ ಆ ಕೈ ನೋಯ್ತದ ಅಂತಾಳ.

ತಪ್ಪು ಬಡಿಗೇರಂದಲ್ಲ. ನಾ ಹೇಳಿದ್ದನ್ನ ಅವ ಮಾಡಿದ. ನಾನು ಟೇಪ ಹಿಡಿದದ್ದು ಸ್ಲ್ಯಾಬಿಗೆ. ದಿನಾ ಅಲ್ಲಿ ನಿಂತು ಅಡಗಿ ಮಾಡೋ ಇಬ್ಬರನ್ನ ಒಂದ ಮಾತೂ ಕೇಳಲಿಲ್ಲ. ಟ್ರ್ಯಾಕ್ಟರ್ ತಗೊಳ್ಳೋವಾಗ ಸೀಟಿನ ಮ್ಯಾಲ ಕುಂತು ಕ್ಲಚ್ಚಿಗೆ ಕಾಲು ಮುಟ್ತದೋ ಇಲ್ಲೋ ನೋಡ್ತೀವಿ. ಅಡಗಿ ಮನಿಗೆ ಆ ಬುದ್ಧಿ ಯಾಕ ಓಡೂದಿಲ್ಲ?

ಅವ್ವ ಬಿದ್ದ ಮ್ಯಾಲ ನಾನು ಅಳತಿ ಮಾಡಿದೆ. ನಮ್ಮ ಮನಿಯಾಕಿ 5 ಅಡಿ ಎತ್ತರ. ಗ್ವಾಡಿಗೆ ಹೊಂದಿ ನಿಂತು ಕೈ ಎತ್ತಿದ್ರ ಬೆರಳು ಮುಟ್ಟೂದು 6 ಅಡಿ 3 ಇಂಚಿಗೆ. 2 ಅಡಿ ಅಗಲದ ಕಟ್ಟಿ ಮುಂದ ನಿಂತು, ಎರಡೂ ಕೈಯಿಂದ ಡಬ್ಬಿ ಇಳಿಸಬೇಕಂದ್ರ 5 ಅಡಿ 10 ಇಂಚು, ಅಷ್ಟ. ಸ್ಲ್ಯಾಬ್ 10 ಅಡಿ. ಅಂದ್ರ ರೊಕ್ಕ ಕೊಟ್ಟು ಮಾಡಿಸಿದ ಕಪಾಟದಾಗ 4 ಅಡಿ ಆಕಿ ಕೈಗೆ ಸಿಗೂದಿಲ್ಲ. ಹಳೇ ಮನಿ ನೆನಸ್ಕೋರಿ. ಮಾಡ ಕೈ ಎತ್ತರಕ್ಕ ಇರ್ತಿತ್ತು. ನೆಲುವು ಬೆಕ್ಕಿಗೆ ಸಿಗ್ತಿರಲಿಲ್ಲ, ಅವ್ವಗ ಸಿಗ್ತಿತ್ತು.

ಎರಡನೇದು ಭಾರ. 3 ಅಡಿ ಅಗಲ, 5 ಅಡಿ ಎತ್ತರದ ಪ್ಲೈವುಡ್ ಕಪಾಟ ಬರೇದ 50 ಕಿಲೋ ಆಸುಪಾಸು ತೂಗ್ತದ. ಡಬ್ಬಿ, ಭಾಂಡೆ ತುಂಬಿದ್ರ ಒಂದು ಕ್ವಿಂಟಲ್ ದಾಟ್ತದ. ಒಂದು ಚೀಲ ಜ್ವಾಳ ಗ್ವಾಡಿಗೆ ತೂಗಹಾಕಿದಂಗ ಆತು. ಗಟ್ಟಿ ಇಟ್ಟಂಗಿ ಗ್ವಾಡಿ, ಕಾಂಕ್ರೀಟ್ ಇದನ್ನ ತಡೀತಾವು. ಪೊಳ್ಳು ಸಿಮೆಂಟ್ ಬ್ಲಾಕಿನೊಳಗ ಸ್ಕ್ರೂ ಸುಮ್ನ ತಿರಗ್ತದ, ಹಿಡಿಯೂದಿಲ್ಲ. ಹಳೇ ಕಲ್ಲು-ಮಣ್ಣಿನ ಗ್ವಾಡಿಗಂತೂ ತೂಗಹಾಕಲೇ ಬ್ಯಾಡ್ರಿ. ಅಲ್ಲಿ ನೆಲದ ಮ್ಯಾಲ ನಿಲ್ಲೋ ಕಪಾಟ ಚಲೋ.

ಹೊಸದಾಗಿ ಕಟ್ಟೋರು ಗವಂಡಿ ಇರೋವಾಗಲೇ ಇದನ್ನ ಠರಾವ ಮಾಡ್ರಿ. ನನ್ನ ಲೆಕ್ಕ ಹಿಂಗದ. ಕಟ್ಟಿ 2 ಅಡಿ 9 ಇಂಚು. ಅದರ ಮ್ಯಾಲ 2 ಅಡಿ ಖಾಲಿ, ಒಲಿ ಮ್ಯಾಲ ಎರಡೂವರಿ ಅಡಿ. ಕಪಾಟ 4 ಅಡಿ 9 ಇಂಚಿಗೆ ಸುರು ಆಗಿ 7 ಅಡಿ 6 ಇಂಚಿಗೆ ಮುಗೀಲಿ. ಆಳ 1 ಅಡಿ ಸಾಕು, ಹೆಚ್ಚಾದ್ರ ಹಣಿಗೆ ಬಡೀತದ. ಬಾಗಲದ ಲಿಂಟಲ್ ಸಾಮಾನ್ಯವಾಗಿ 7 ಅಡಿಗೆ ಬರ್ತದ. ಅದನ್ನ ಅಡಗಿ ಮನಿ ಗ್ವಾಡಿಗುಂಟ ಪೂರ್ತಿ ಎಳಸ್ರಿ. ಕಪಾಟಿನ ಮ್ಯಾಲಿನ ಪಟ್ಟಿ ಆ ಕಾಂಕ್ರೀಟಿಗೇ ಫಾಸ್ನರ್ ಹಾಕಿ ಬಿಗೀಬಹುದು. ಬಚ್ಚಲದ ಕಡಿ ಗ್ವಾಡಿಗೆ ತೇವ ಇದ್ರ ಮೊದಲ ಅದನ್ನ ನಿಲ್ಲಸ್ರಿ, ಆಮ್ಯಾಲ ಕಪಾಟ. ಪ್ಲೈವುಡ್ ಮ್ಯಾಲ ಐಎಸ್ 710 ಅಂತ ಮುದ್ರೆ ಅದನೋ ನೋಡ್ರಿ, ಅದು ನೀರಿಗೆ ತಾಳ್ಕೊಳ್ಳೋ ಜಾತಿ.

ಮ್ಯಾಲ ಖಾಲಿ ಬಿಟ್ರ ಧೂಳು, ಎಣ್ಣಿ ಜಿಡ್ಡು, ಇಲಿ ಅಂತೀರಿ. ಖರೇನ ಅದ. ಆ ಜಾಗಾಕ್ಕ ಪ್ಲೈವುಡ್ ಅಲ್ಲ, ಕಾಂಕ್ರೀಟಿನ ಅಟ್ಟ ಹಾಕಸ್ರಿ, ಮುಂದ ಬೇಕಾದ್ರ ಬಾಗಲ ಕೂಡಿಸ್ರಿ. ಹಂಡೆ, ಕೊಪ್ಪರಿಗಿ ಅಲ್ಲಿರಲಿ. ಅವನ್ನ ಇಳಸೋದು ಗಂಡಮಕ್ಕಳ ಕೆಲಸ, ಅದೂ ಸ್ಟೂಲ್ ಮ್ಯಾಲ ಅಲ್ಲ, ಏಣಿ ಹಚ್ಚಿ.

ನಮ್ಮ ಮನ್ಯಾಗ ಮ್ಯಾಲಿನ ಎರಡು ಖಾನಿ ಈಗ ಖಾಲಿ ಅದಾವು. ಪರಾತ ಕೆಳಗಿನ ಖಾನಿಗೆ ಬಂದೇತಿ. ನೀವು ಕಪಾಟ ಮಾಡಸೋ ಮುಂಚೆ ಮನಿ ಹೆಣ್ಮಕ್ಕಳನ್ನ ಗ್ವಾಡಿಗೆ ನಿಲ್ಲಿಸಿ, ಕೈ ಎತ್ತಿಸಿ, ಪೆನ್ಸಿಲ್ಲಿಂದ ಒಂದು ಗೀಟು ಹಾಕ್ರಿ. ಬಡಿಗೇರಗ ಆ ಗೀಟು ತೋರಸ್ರಿ.