ವಿರಾಮದ ಕೈಗೆಲಸ: ನೊರಜು ಅಜಿತನಾದ ಬಗೆ

ಈ ಶೀರ್ಷಿಕೆಯ ಕೆಳಗೆ ನಾವು ಇದುವರೆಗೆ ಹೆಚ್ಚಾಗಿ ಸಂಸಾರಕ್ಕೆ ಉಪಯೋಗವಾಗುವ ಕೆಲಸಗಳನ್ನು ಕುರಿತೇ ಬರೆಯುತ್ತ ಬಂದಿದ್ದೇವೆ. ಈ ತಿಂಗಳ ವಿಷಯವು ಅಂಥದಲ್ಲ. ಅದರಿಂದ ಮನೆಗೆ ಕಾಸಿನ ಲಾಭವಿಲ್ಲ. ಅಡಿಗೆಮನೆಗಾಗಲಿ ಹಿತ್ತಿಲಿಗಾಗಲಿ ಅದರಿಂದ ಆಗಬೇಕಾದುದು ಏನೂ ಇಲ್ಲ. ಅಂಗೈಯಲ್ಲಿ ಹಿಡಿಸುವಂಥ ಒಂದು ಪುಟ್ಟ ಜೆಟ್ ಯುದ್ಧವಿಮಾನವನ್ನು ಬಿಡಿಭಾಗಗಳಿಂದ ಜೋಡಿಸುವ ಮತ್ತು ಬೇಕಾದಂತೆ ತಿದ್ದಿಕೊಳ್ಳುವ ಕೆಲಸವದು. ಆದರೂ ಇದನ್ನು ಬರೆಯದೆ ಇರಲಾರೆವು. ಕಾರಣವನ್ನು ವಾಚಕರು ಕಡೆಯವರೆಗೆ ಓದಿ ತಿಳಿದುಕೊಳ್ಳಬೇಕು.

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಅಕ್ಕ ಮತ್ತು ಭಾವನವರು ಹನ್ನೆರಡು ವರ್ಷದ ಮೊಮ್ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಭಾವನವರಿಗೆ ಎಂಬತ್ತು ದಾಟಿದೆ. ಅವರು ಯೌವನದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳ ವಿಭಾಗದಲ್ಲಿ ದುಡಿದವರು. ಕೆಲವು ವರ್ಷಗಳಿಂದ ಕಣ್ಣಿನ ನರದ ರೋಗ ತಗುಲಿ, ಈಗ ಅವರಿಗೆ ಬೆಳಕು ನೆರಳುಗಳ ಭೇದ ಮಾತ್ರ ತಿಳಿಯುತ್ತದೆ. ಹುಡುಗನ ಕೈಗೂ ಕೆಲಸವಾಗಲಿ, ಮುದುಕರ ಮನಸ್ಸಿಗೂ ಸಂತೋಷವಾಗಲಿ ಎಂದು ಯೋಚಿಸಿ, ನಾವು ಪೇಟೆಯಿಂದ ಒಂದು ಪೆಟ್ಟಿಗೆಯನ್ನು ತಂದೆವು. ಅದರಲ್ಲಿ ‘ನ್ಯಾಟ್’ ಎಂಬ ವಿಮಾನದ ಪ್ಲಾಸ್ಟಿಕ್ ಭಾಗಗಳಿದ್ದವು. ಇಂಗ್ಲಿಷಿನಲ್ಲಿ ‘ನ್ಯಾಟ್’ ಎಂದರೆ ನೊರಜು.

ಇಂಥ ಮಾದರಿಗಳಲ್ಲಿ ಮೊದಲು ತಿಳಿಯಬೇಕಾದುದು ಪ್ರಮಾಣ. ನಮ್ಮ ಪೆಟ್ಟಿಗೆಯ ಮೇಲೆ 1/72 ಎಂದಿತ್ತು. ಎಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು. ಈ ಲೆಕ್ಕದಲ್ಲಿ ಆರು ಅಡಿಯ ಆಳು ಒಂದು ಅಂಗುಲವಾಗುತ್ತಾನೆ. ಅಡಿಯ ಲೆಕ್ಕದವರಿಗೆ ಇದಕ್ಕಿಂತ ಅನುಕೂಲವಾದುದಿಲ್ಲ. ಇಂಗ್ಲೆಂಡಿನಲ್ಲಿ 1932ರಲ್ಲಿ ‘ಸ್ಕೈಬರ್ಡ್ಸ್’ ಎಂಬ ಹೆಸರಿನ ಮರದ ಮಾದರಿಗಳು ಈ ಪ್ರಮಾಣದಲ್ಲಿ ಹೊರಟವು. 1936ರಲ್ಲಿ ‘ಪೆಂಗ್ವಿನ್’ ಎಂಬ ಪ್ಲಾಸ್ಟಿಕ್ ಮಾದರಿಗಳು ಬಂದವು. ಇದು ಬರಿಯ ಮಕ್ಕಳಾಟವೆಂದು ತಿಳಿಯಬಾರದು. 1942ರಲ್ಲಿ ಅಮೆರಿಕದ ನೌಕಾಪಡೆಯು ಇದೇ ಪ್ರಮಾಣದ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಕೊಡಬೇಕೆಂದು ತನ್ನ ದೇಶದ ಶಾಲಾ ಬಾಲಕರನ್ನು ಬೇಡಿಕೊಂಡಿತು. ಆಕಾಶದಲ್ಲಿ ಕಂಡ ವಿಮಾನವು ಸ್ವಪಕ್ಷದ್ದೋ ಶತ್ರುವಿನದೋ ಎಂದು ಗುರುತಿಸುವುದನ್ನು ಸಿಪಾಯಿಗಳಿಗೆ ಕಲಿಸಲು ಅವು ಬೇಕಾಗಿದ್ದವು. ಆಕಾರದಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯವಾದೀತಷ್ಟೆ!

ಇನ್ನು ನ್ಯಾಟ್ ವಿಮಾನದ ವೃತ್ತಾಂತ. ಯುದ್ಧವಿಮಾನಗಳು ದಿನೇ ದಿನೇ ಭಾರವಾಗಿ, ಬೆಲೆಯೂ ಏರುತ್ತಿದ್ದುದನ್ನು ಕಂಡು, ಪೆಟರ್ ಎಂಬ ಇಂಗ್ಲಿಷ್ ವಿನ್ಯಾಸಕಾರರು ಚಿಕ್ಕದಾದ, ಹಗುರವಾದ, ಅಗ್ಗವಾದ ಒಂದು ವಿಮಾನವನ್ನು ಯೋಚಿಸಿದರು. ಅದು ಫೋಲಂಡ್ ಕಂಪೆನಿಯಲ್ಲಿ ತಯಾರಾಗಿ 1955ರ ಜುಲೈಯಲ್ಲಿ ಮೊದಲು ಹಾರಿತು. ಇಂಗ್ಲೆಂಡಿನ ವಾಯುಪಡೆ ಒಬ್ಬರೇ ಕುಳಿತು ಯುದ್ಧಮಾಡುವ ಈ ವಿಮಾನವನ್ನು ತನ್ನ ದಳಗಳಿಗೆ ಸೇರಿಸಿಕೊಳ್ಳಲಿಲ್ಲ. ಶಿಕ್ಷಣಕ್ಕಾಗಿ ಇಬ್ಬರು ಕೂಡುವ ಬಗೆಯನ್ನು ಮಾತ್ರ ಕೊಂಡಿತು. ನಮ್ಮ ದೇಶವಾದರೋ ಅದನ್ನು ಕೊಂಡುದಲ್ಲದೆ, ಬೆಂಗಳೂರಿನಲ್ಲಿಯೇ ಕಟ್ಟುವ ಅನುಮತಿಯನ್ನೂ ಪಡೆಯಿತು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಸ್ಥಾಪಿಸಿದ ಕಾರ್ಖಾನೆಯೇ ಈ ಕೆಲಸಕ್ಕೆ ನೆಲೆಯಾಯಿತು. 1965ರ ಮತ್ತು 1971ರ ಯುದ್ಧಗಳಲ್ಲಿ ಈ ನೊರಜು ತನಗಿಂತ ದೊಡ್ಡವಾದ ವಿಮಾನಗಳನ್ನು ಎದುರಿಸಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಆಕಾಶದಲ್ಲಿ ಹೋರಾಡಿ ಮಡಿದು, ಮರಣಾನಂತರ ಪರಮವೀರಚಕ್ರವನ್ನು ಪಡೆದ ನಿರ್ಮಲ್‌ಜೀತ್ ಸಿಂಗ್ ಸೇಖೋಂ ಅವರು ಹಾರಿಸುತ್ತಿದ್ದುದು ಇದನ್ನೇ.

ನಾವೂ ಹುಡುಗನೂ ಹತ್ತು ಸಂಜೆಗಳಲ್ಲಿ ಮಾದರಿಯನ್ನು ಮುಗಿಸಿದೆವು. ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಭಾಗಗಳನ್ನು ಚೌಕಟ್ಟಿನಿಂದ ಮುರಿಯಬಾರದು. ಹರಿತವಾದ ಚಾಕುವಿನಿಂದ ಕತ್ತರಿಸಬೇಕು. ಚಾಕುವನ್ನು ದೊಡ್ಡವರೇ ಹಿಡಿಯುವುದು ಕ್ಷೇಮ. ಇದರ ಅಂಟು ಗೋಂದಿನಂತಲ್ಲ. ಪ್ಲಾಸ್ಟಿಕ್ಕನ್ನೇ ತುಸು ಕರಗಿಸಿ ಎರಡು ಭಾಗಗಳನ್ನು ಒಂದುಮಾಡುತ್ತದೆ. ಅದರ ಆವಿ ಒಳ್ಳೆಯದಲ್ಲವಾದುದರಿಂದ ಕಿಟಕಿಗಳನ್ನು ತೆರೆದಿಟ್ಟು ಕೆಲಸಮಾಡಬೇಕು. ಮೂಗಿನೊಳಗೆ ಭಾರ ತುಂಬದಿದ್ದರೆ ಇಂಥ ಮಾದರಿಯು ಮುಂದಿನ ಚಕ್ರವನ್ನೆತ್ತಿ ಬಾಲದ ಮೇಲೆ ಕುಳಿತುಬಿಡುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ಇದಕ್ಕೆ ಸಾಕು. ಸೀಸವನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಇರಬಾರದು.

ನಮ್ಮಿಂದ ಒಂದು ತಪ್ಪೂ ಆಯಿತು. ಚಾಲಕನ ಮೇಲಿನ ಗಾಜಿನಂಥ ಮುಚ್ಚಳವನ್ನು ಬೇಗ ಹಿಡಿಯಲೆಂದು, ಕ್ಷಣದಲ್ಲಿ ಕಚ್ಚಿಕೊಳ್ಳುವ ಅಂಟನ್ನು ಹಾಕಿದೆವು. ಬೆಳಗಾಗುವ ಹೊತ್ತಿಗೆ ಮುಚ್ಚಳದ ಒಳಗೆಲ್ಲ ಬೆಳ್ಳಗೆ ಮಂಜು ಕವಿದಂತಾಗಿತ್ತು. ಆ ಅಂಟಿನ ಆವಿಯ ಗುಣವೇ ಹಾಗೆ. ಮುಚ್ಚಳವನ್ನು ಮೆಲ್ಲಗೆ ಬಿಡಿಸಿ, ಹಲ್ಲುಜ್ಜುವ ಪೇಸ್ಟನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ಬಹಳ ಹೊತ್ತು ಉಜ್ಜಿದ ಮೇಲೆ ತಿಳಿಯಾಯಿತು. ಇಂಥ ಕಡೆಗೆ ಬಡಗಿಗಳ ಬಿಳಿಯ ಅಂಟೇ ಸರಿ.

ಬಣ್ಣವೂ ಆರಿದ ಮೇಲೆ ಮಾದರಿಯನ್ನು ಭಾವನವರ ಅಂಗೈಯಲ್ಲಿಟ್ಟೆವು. ಅವರು ಮೂಗಿನಿಂದ ಬಾಲದವರೆಗೆ ಬೆರಳಾಡಿಸಿದರು. ಗಾಳಿ ಹೋಗುವ ಬಾಯಿಗಳ ಮಗ್ಗುಲಲ್ಲಿ ಫಿರಂಗಿಯ ತೂತುಗಳನ್ನು ಹುಡುಕಿ ಮುಟ್ಟಿ, “ಸರಿ, ಒಂದೊಂದು ಕಡೆಗೆ ಒಂದು” ಎಂದರು. ಚಕ್ರಗಳ ಕಾಲುಗಳನ್ನು ಮುಟ್ಟಿ ನಕ್ಕು, ಹುಡುಗನಿಗೆ, “ಕಾಲಿಗೇ ಬಾಗಿಲು ಅಂಟಿಕೊಂಡಿದೆ, ನೋಡಿದೆಯೇನೋ? ಹಾರುತ್ತಿರುವಾಗ ಈ ಕಾಲನ್ನು ಅರೆಬರೆ ಇಳಿಸಿದರೆ ಅದೇ ಬ್ರೇಕು. ಬೇರೆ ಬ್ರೇಕಿಲ್ಲ” ಎಂದು ವಿವರಿಸಿದರು. ಆಮೇಲೆ ಬೆರಳು ರೆಕ್ಕೆಯ ಕೆಳಕ್ಕೆ ಹೋಗಿ ಅಲ್ಲಿಯೇ ನಿಂತಿತು.

“ಇದೇನಯ್ಯಾ, ಎರಡು ಇಂಧನದ ತೊಟ್ಟಿ ತೂಗಹಾಕಿದ್ದೀಯೆ?” ಎಂದರು.

ಪೆಟ್ಟಿಗೆಯ ಚಿತ್ರದಲ್ಲಿ ಹಾಗೆಯೇ ಇದೆಯೆಂದು ನಾವು ಹೇಳಿದೆವು.

“ಚಿತ್ರ ಸರಿಯಾಗಿಯೇ ಇರಬಹುದು. ಇದು ನ್ಯಾಟ್. ನಾನು ಬಹಳ ಕಾಲ ಕೆಲಸ ಮಾಡಿದ್ದು ಅಜಿತನ ಮೇಲೆ. ಅದಕ್ಕೆ ಈ ತೊಟ್ಟಿ ಬೇಕಾಗಿರಲಿಲ್ಲ” ಎಂದು ಹೇಳಿ ಮಾದರಿಯನ್ನು ಹಿಂದಿರುಗಿಸಿದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಅದಕ್ಕಾಗಿಯೇ ನಮಗೆ ಹೆಚ್ಚು ನಾಟಿತು.

ಅಜಿತವೆಂಬುದು ನ್ಯಾಟ್ ವಿಮಾನವನ್ನು ಬೆಂಗಳೂರಿನಲ್ಲಿ ತಿದ್ದಿ ಮಾಡಿದ ರೂಪ. ಅದರ ಮೊದಲ ಮಾದರಿ 1975ರ ಮಾರ್ಚ್ 6ರಂದು ಹಾರಿತು. 1991ರವರೆಗೆ ವಾಯುಪಡೆಯ ಸೇವೆಯಲ್ಲಿತ್ತು. ನ್ಯಾಟ್ ದೂರ ಹೋಗಬೇಕಾದರೆ ರೆಕ್ಕೆಯ ಕೆಳಗೆ ತೊಟ್ಟಿಗಳನ್ನು ತೂಗಹಾಕಬೇಕಾಗಿತ್ತು. ಹಾಗೆ ಹಾಕಿದರೆ ಬಾಂಬುಗಳಿಗೆ ಸ್ಥಳವಿಲ್ಲ. ಆದುದರಿಂದ ಅಜಿತನಲ್ಲಿ ರೆಕ್ಕೆಯ ಒಳಗನ್ನೇ ಇಂಧನದ ತೊಟ್ಟಿಯಾಗಿ ಮಾಡಿದರು. ಕೆಳಗಿನ ಸ್ಥಳ ತೆರವಾಯಿತು. ಇನ್ನೆರಡು ಪೈಲನ್ನುಗಳನ್ನು, ಎಂದರೆ ಆಯುಧಗಳನ್ನು ತೂಗಹಾಕುವ ಚಪ್ಪಟೆಯಾದ ತೋಳುಗಳನ್ನು, ಸೇರಿಸಿ ಒಟ್ಟು ನಾಲ್ಕು ಮಾಡಿದರು. ಚಾಲಕನು ಅಪಾಯದಲ್ಲಿ ಹೊರಕ್ಕೆ ಚಿಮ್ಮುವ ಆಸನವನ್ನೂ ಬದಲಾಯಿಸಿ ಮಾರ್ಟಿನ್-ಬೇಕರ್ ಆಸನವನ್ನು ಇಟ್ಟರು.

ಹೇಳುವುದಕ್ಕೆ ಇದು ಒಂದು ಮಾತು, ಮಾಡುವುದಕ್ಕೆ ಅಲ್ಲ. ರೆಕ್ಕೆಯೇ ತೊಟ್ಟಿಯಾದ ಮೇಲೆ ಅದರ ಒಂದೊಂದು ಸಂದಿಯೂ ಒಂದೊಂದು ರಿವೆಟ್ಟೂ ತೊಟ್ಟಿಕ್ಕದಂತೆ ಮುಚ್ಚಿರಬೇಕು. ಭಾವನವರ ಕೈ ವರ್ಷಗಟ್ಟಲೆ ಮಾಡಿದುದು ಈ ಮುಚ್ಚುವ ಕೆಲಸವನ್ನೇ. ಅದು ಒಳಗೆ ನಡೆದ ಕೆಲಸ, ನೋಡುವವರಿಗೆ ಕಾಣುವಂಥದಲ್ಲ. ತೊಟ್ಟಿಗಳಿಲ್ಲದೆ ಕೆಳಗೆ ಕಾಣುವ ನಾಲ್ಕು ಪೈಲನ್ನುಗಳೇ ಅದಕ್ಕೆ ಸಾಕ್ಷಿ. ನಾವೋ ಎರಡು ತೊಟ್ಟಿಗಳನ್ನು ತೂಗಹಾಕಿ ಅವರ ಕೈಗೆ ಕೊಟ್ಟಿದ್ದೆವು!

ಮುಗಿದ ಮಾದರಿಯನ್ನು ಕೆಡಿಸಲು ಹುಡುಗನಿಗೆ ಮನಸ್ಸಿರಲಿಲ್ಲ. ಹೊಸದನ್ನು ತರಿಸೋಣವೆಂದು ನಾವೂ ಯೋಚಿಸಿದೆವು. ಆದರೆ ರಜೆ ಮುಗಿಯಲು ಎಂಟೇ ದಿನಗಳಿದ್ದವು. ಕಡೆಗೆ ಹುಡುಗನೇ ಗರಗಸದ ಸಣ್ಣ ಅಲಗನ್ನು ತಂದು ನಮ್ಮ ಮುಂದಿಟ್ಟನು.

ತಿದ್ದಿದ ಬಗೆ ಹೀಗೆ. ತೊಟ್ಟಿಗಳನ್ನು ಬುಡಸಹಿತ ಕೊಯ್ದು ತೆಗೆದು, ಉಳಿದ ಕುಳಿಗಳನ್ನು ಪುಟ್ಟಿಯಿಂದ ತುಂಬಿ, ಒಂದು ದಿನ ಆರಿಸಿ, ನೀರು ಹಾಕಿ ನುಣುಪಾದ ಉಪ್ಪುಕಾಗದದಿಂದ ಉಜ್ಜಿದೆವು. ಆಗಲೇ ರೆಕ್ಕೆಯ ಹಿಂದಿನ ಅಂಚು ದಪ್ಪವಾಗಿರುವುದೂ ಕಂಡಿತು. ಮಾದರಿಯಲ್ಲಿ ಒಂದು ಮಿಲಿಮೀಟರ್ ದಪ್ಪವೆಂದರೆ ನಿಜವಾದ ವಿಮಾನದಲ್ಲಿ 72 ಮಿಲಿಮೀಟರ್, ಹೆಚ್ಚುಕಡಿಮೆ ನಾಲ್ಕು ಬೆರಳಗಲ. ಹಾಗಿದ್ದರೆ ಅದು ರೆಕ್ಕೆಯೋ ಹಲಗೆಯೋ! ಅದನ್ನೂ ಕೆಳಗಿನಿಂದ ಉಜ್ಜಿ ತೆಳ್ಳಗೆ ಮಾಡಿದೆವು.

ಪೈಲನ್ನುಗಳ ಸ್ಥಳವನ್ನು ಅಂದಾಜಿನಿಂದ ಇಡಲಾಗದು. ಅಜಿತವನ್ನು ನೇರವಾಗಿ ಮುಂದಿನಿಂದ ತೆಗೆದ ಒಂದು ಚಿತ್ರವನ್ನು ಸಂಪಾದಿಸಿ, ಹುಡುಗನಿಗೆ ತ್ರೈರಾಶಿಕದ ಲೆಕ್ಕ ಕೊಟ್ಟೆವು. ನಿಜವಾದ ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್, ಅದನ್ನು 72ರಿಂದ ಭಾಗಿಸಿದರೆ ಮಾದರಿಗೆ ಸುಮಾರು 93 ಮಿಲಿಮೀಟರ್. ಚಿತ್ರದಲ್ಲಿ ಅದೇ ಅಗಲವು 140 ಮಿಲಿಮೀಟರ್ ಇತ್ತು. ಎಂದರೆ ಚಿತ್ರದ ಮೂರು ಮಿಲಿಮೀಟರ್ ಮಾದರಿಯ ಎರಡಕ್ಕೆ ಸಮ. ಶಾಲೆಯಲ್ಲಿ ಲೆಕ್ಕವೆಂದರೆ ಮುಖ ತಿರುಗಿಸುವ ಹುಡುಗನು ಇದನ್ನು ಮೂರು ಸಲ ಮಾಡಿ ತಾಳೆನೋಡಿದನು.

ಪೈಲನ್ನುಗಳನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿದೆವು. ನಾಲ್ಕೂ ಒಂದೇ ಅಳತೆಗೆ ಬರಬೇಕಾದರೆ ನಾಲ್ಕು ತುಂಡುಗಳನ್ನು ಒಟ್ಟಿಗೆ ಅಮುಕಿ ಹಿಡಿದು ಒಮ್ಮೆಗೇ ಅರದಿಂದ ಉಜ್ಜಬೇಕು. ಒಂದೊಂದರ ತಲೆಗೂ ಗುಂಡುಸೂಜಿಯ ತುಂಡನ್ನು ಚುಚ್ಚಿ, ರೆಕ್ಕೆಯಲ್ಲಿ ಅದಕ್ಕೆ ತಕ್ಕ ತೂತು ಕೊರೆದು ನಿಲ್ಲಿಸಿದರೆ ಅಲುಗಾಡುವುದಿಲ್ಲ. ಆಸನವನ್ನೂ ಹಾಳೆಯ ಚೂರುಗಳಿಂದ ತಿದ್ದಿದೆವು. ಎಸೆಯಬೇಕೆಂದಿದ್ದ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಬಿಸಿಮಾಡಿ ಎರಡು ಕಡೆಗೆ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ತಂತಿಯಂಥ ಸಣ್ಣ ಭಾಗಗಳಿಗೆ ಅದೇ ಸಾಕು. ಹಸುರು ಕಂದು ಬಣ್ಣಗಳನ್ನು ಹಚ್ಚಿ, ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳನ್ನು ಹಾಕಿದೆವು. ವಾಯುಪಡೆಯ ಚಕ್ರಗುರುತಿನಲ್ಲಿ ಕೇಸರಿ ಹೊರಗೆ, ಬಿಳಿ ನಡುವೆ, ಹಸುರು ಒಳಗೆ ಬರಬೇಕು.

ಊರಿಗೆ ಹೊರಡುವ ಹಿಂದಿನ ಸಂಜೆ ಅಕ್ಕ ಗಂಟುಮೂಟೆ ಕಟ್ಟುತ್ತಿದ್ದಳು. ಹುಡುಗನು ಮಾದರಿಯನ್ನು ತಾತನ ಕೈಯಲ್ಲಿಟ್ಟು ಏನೂ ಹೇಳದೆ ನಿಂತನು. ಭಾವನವರು ಈ ಸಲ ಮೂಗನ್ನು ಮುಟ್ಟಲಿಲ್ಲ. ನೇರವಾಗಿ ರೆಕ್ಕೆಯ ಕೆಳಕ್ಕೇ ಬೆರಳನ್ನು ಒಯ್ದರು. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೊಮ್ಮೆ ಎಣಿಸಿದರು.

“ಮೂರನೆಯದು ಓರೆಯಾಗಿದೆ. ನಮ್ಮ ಇನ್‌ಸ್ಪೆಕ್ಟರ ಮುಂದೆ ಇದು ಪಾಸಾಗುತ್ತಿರಲಿಲ್ಲ” ಎಂದರು.

ನಾವು ಭೂತಗನ್ನಡಿ ಹಿಡಿದು ನೋಡಿದೆವು. ಹೌದು, ಕೂದಲೆಳೆಯಷ್ಟು ಓರೆ. ನಮ್ಮ ಕಣ್ಣಿಗೆ ಬೀಳದ ತಪ್ಪು ಅವರ ಬೆರಳಿಗೆ ಸಿಕ್ಕಿತ್ತು. ಆ ರಾತ್ರಿ ತಾತ ಮೊಮ್ಮಗ ಇಬ್ಬರೂ ದೀಪದ ಕೆಳಗೆ ಕುಳಿತು ಅದನ್ನು ತೆಗೆದು ಮತ್ತೆ ನಿಲ್ಲಿಸಿದರು. ಅಂಟು ಹಿಡಿಯುವವರೆಗೆ ಅದನ್ನು ಬೆರಳಲ್ಲಿ ಹಿಡಿದಿದ್ದವರು ಭಾವನವರು. ಹಾಗೆ ಹಿಡಿದುಕೊಂಡೇ, ರೆಕ್ಕೆಯ ಸಂದಿಗಳನ್ನು ಹೇಗೆ ಮುಚ್ಚುತ್ತಿದ್ದರೆಂಬುದನ್ನು ಮೊದಲಿನಿಂದ ಹೇಳಿದರು. ಅಷ್ಟು ವರ್ಷ ಜೊತೆಯಲ್ಲಿದ್ದ ಅಕ್ಕನೂ ಅದನ್ನು ಅಂದೇ ಮೊದಲ ಸಲ ಕೇಳಿದುದಂತೆ.

ಪೆಟ್ಟಿಗೆಯಲ್ಲಿ ಬರುವುದು ಎಲ್ಲರಿಗೂ ಸಾಮಾನ್ಯವಾದ ವಿಮಾನ. ಅದನ್ನು ಇದ್ದಂತೆಯೇ ಜೋಡಿಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ವಾಚಕರ ಮನೆಯಲ್ಲಿಯೋ ನೆರೆಯಲ್ಲಿಯೋ ವಿಮಾನ, ರೈಲು, ಹಡಗು ಇವುಗಳ ಕೆಲಸದಲ್ಲಿ ಕೈ ಸವೆಸಿದ ಹಿರಿಯರಿದ್ದರೆ, ಮೊದಲು ಅವರನ್ನು ಕೇಳಿ ಆಮೇಲೆ ಪೆಟ್ಟಿಗೆಯನ್ನು ತೆರೆಯಿರೆಂದು ನಮ್ಮ ಸಲಹೆ. ನಾವು ಹಾಗೆ ಮಾಡಿದ್ದರೆ ಎಂಟು ಸಂಜೆಗಳ ಕೆಲಸ ಉಳಿಯುತ್ತಿತ್ತು. ಆ ಎಂಟು ಸಂಜೆಗಳು ವ್ಯರ್ಥವಾದುವೆಂದು ನಮಗೆ ತೋರಿಲ್ಲವೆಂಬುದು ಬೇರೆಯ ಮಾತು.