ಹೊಗೆಸೊಪ್ಪಿನ ಬ್ಯಾರನ್ನಿಗೆ ಉಷ್ಣಮಾಪಕದ ಅವಶ್ಯಕತೆ
ಹುಣಸೂರು, ಪಿರಿಯಾಪಟ್ಟಣದ ಸೀಮೆಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ನಿನೊಳಗೆ, ಸೌದೆಯ ಒಲೆಯಿಂದ ಕಾಯುವ ತಗಡಿನ ಕೊಳವೆಗಳ ಶಾಖದಿಂದ ಹದಗೊಳಿಸುವುದು ವಾಚಕ ಮಹಾಶಯರಿಗೆ ವಿದಿತವೇ ಆಗಿದೆ. ಎಲೆಯು ಹಳದಿಗೆ ತಿರುಗಲು ಸುಮಾರು 90ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಸಾಕು. ನಡುದಂಟು ಒಣಗಲು ಸುಮಾರು 160 ಡಿಗ್ರಿಯವರೆಗೆ ಏರಿಸಬೇಕು. ಆತುರದಿಂದ ಏರಿಸಿದರೆ ಎಲೆಯು ಹಸುರಾಗಿಯೇ ಒಣಗುವುದು, ತಡಮಾಡಿದರೆ ಕಂದುವುದು. ಕೈಯನ್ನೊಡ್ಡಿ ಈ ಭೇದವನ್ನರಿಯುವುದು ಅಸಾಧ್ಯ. ಆದುದರಿಂದ ಕೆಳಸಾಲಿನ ಎಲೆಗಳ ಮಟ್ಟದಲ್ಲಿ, ಕೊಳವೆಗೆ ತಗಲದಂತೆ, ಕಿಟಕಿಯಿಂದ ಕಾಣುವ ಹಾಗೆ ಉಷ್ಣಮಾಪಕವನ್ನು ತೂಗುಹಾಕತಕ್ಕದ್ದು. ಇದನ್ನೊದಗಿಸದೆ, ಸೊಪ್ಪು ಕೆಟ್ಟಾಗ ರಾತ್ರಿಯೆಲ್ಲ ನಿದ್ದೆಗೆಟ್ಟು ಒಲೆ ಕಾಯ್ದ ಆಳನ್ನು ದೂಷಿಸುವುದು ನ್ಯಾಯವಲ್ಲ. ಉಪಕರಣವನ್ನು ಕೊಡುವುದು ಭೂಮಾಲೀಕರ ಹೊಣೆ; ಅದನ್ನು ನೋಡಿ ಬೆಂಕಿಯನ್ನು ನಡೆಸುವುದು ಆಳಿನ ಹೊಣೆ.