ಸಮವಸ್ತ್ರ ಕಳಚುವ ಮುನ್ನ

ಫಿರಂಗಿ ದಳದಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಕಿವಿ ಮಂದವಾದರೆ ಅಚ್ಚರಿಯಿಲ್ಲ. ರಜೆಯ ಮೇಲೆ ಊರಿಗೆ ಬಂದರೆ ಹೆಂಡತಿ ಎರಡೆರಡು ಸಲ ಕೂಗಬೇಕು. ಮಕ್ಕಳಿಗೆ ನಗು. ಆತ ಮಾತ್ರ ರೆಜಿಮೆಂಟಿನ ಡಾಕ್ಟರ ಮುಂದೆ ತುಟಿಪಿಟಕ್ಕೆನ್ನುವುದಿಲ್ಲ. ವೈದ್ಯಕೀಯ ದರ್ಜೆ ‘ಶೇಪ್-1’ರಿಂದ ಕೆಳಗಿಳಿದರೆ ಬಡ್ತಿಗೆ ಕುತ್ತು ಎಂಬ ಭಯ.

ನಿವೃತ್ತಿಯ ಹೊತ್ತಿಗೆ ಈ ಮೌನವೇ ಮುಳುವಾಗುತ್ತದೆ. ಕೆಳದರ್ಜೆಯಲ್ಲಿ ಇರುವವರನ್ನು ಸೇನೆಯಿಂದ ಕಳಿಸುವ ಮೊದಲು ‘ರಿಲೀಸ್ ಮೆಡಿಕಲ್ ಬೋರ್ಡ್’ ಪರೀಕ್ಷಿಸುತ್ತದೆ. ಶೇಪ್-1ರವನಿಗೆ ಮಾಮೂಲು ತಪಾಸಣೆ, ಅಷ್ಟೇ. ನೋವನ್ನು ಮುಚ್ಚಿಟ್ಟವನು ಕಾಗದದ ಮೇಲೆ ಆರೋಗ್ಯವಂತನಾಗಿಯೇ ಮನೆಗೆ ಬರುತ್ತಾನೆ. ಆಮೇಲೆ ಅಂಗವೈಕಲ್ಯ ಪಿಂಚಣಿ ಕೇಳಿದರೆ, ‘ಆಗ ಏಕೆ ಹೇಳಲಿಲ್ಲ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಬೋರ್ಡು ನೋಡುವುದು ಮುಖ್ಯವಾಗಿ ಎರಡು ಸಂಗತಿ. ವೈಕಲ್ಯ ಶೇಕಡಾ ಎಷ್ಟು? ಅದು ಸೇವೆಯಿಂದ ಬಂದದ್ದೇ, ಇಲ್ಲವೇ ಸೇವೆಯಿಂದ ಉಲ್ಬಣಿಸಿದ್ದೇ? ಜಗಳವೆಲ್ಲ ಎರಡನೆಯದರಲ್ಲಿ. ಸಿಗ್ನಲ್ಸ್ ದಳದ ಸಿಪಾಯಿ ಧರಮ್‌ವೀರ್ ಸಿಂಗ್ 1985ರಲ್ಲಿ ಸೇನೆ ಸೇರಿದರು. ಮೂರ್ಛೆರೋಗದ ಕಾರಣ 1994ರಲ್ಲಿ ಅವರನ್ನು ಹೊರಗೆ ಕಳಿಸಲಾಯಿತು. ವೈಕಲ್ಯ ಶೇ. 20 ಎಂದ ಬೋರ್ಡು, ಸೇವೆಗೂ ರೋಗಕ್ಕೂ ಸಂಬಂಧವಿಲ್ಲ ಎಂದು ಬರೆಯಿತು. ಪಿಂಚಣಿ ಇಲ್ಲ! ಸೇರುವಾಗ ದಾಖಲಾಗದ ರೋಗ ಸೇವೆಯಲ್ಲಿ ಕಾಣಿಸಿಕೊಂಡರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವ ಬೋರ್ಡು ಕಾರಣ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಹತ್ತೊಂಬತ್ತು ವರ್ಷ! ಅಷ್ಟು ಕಾಯುವ ಶಕ್ತಿ ಎಷ್ಟು ಮನೆಗಳಿಗಿದ್ದೀತು?

2023ರ ಸೆಪ್ಟೆಂಬರಿನಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಅವಧಿ ಮುಗಿಸಿ ನಿವೃತ್ತರಾಗುವವರಿಗೆ ಸಿಗುವ ವೈಕಲ್ಯದ ಮೊತ್ತಕ್ಕೆ ಈಗ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಬೇರೆ ಹೆಸರು. ಆದ್ದರಿಂದ ಹಿಂದೆ ನಿವೃತ್ತನಾದ ಚಿಕ್ಕಪ್ಪನ ಲೆಕ್ಕವನ್ನು ನಂಬಿ ಕೂರುವುದು ತರವಲ್ಲ.

ಹಾಗಾದರೆ ಸಿದ್ಧತೆ ಎಂದಿನಿಂದ? ಬಿದ್ದ ದಿನದಿಂದಲೇ. ಗಸ್ತಿನಲ್ಲಿ ಮಂಡಿ ಉಳುಕಿದರೆ ಅಂದೇ ಗಾಯದ ವರದಿ ಬರೆಸಬೇಕು. ಜೊತೆಗಿದ್ದವರು ಬೇರೆಡೆಗೆ ವರ್ಗವಾಗುವ ಮೊದಲೇ ಅವರ ಹೇಳಿಕೆ ದಾಖಲಾಗಬೇಕು. ಆಸ್ಪತ್ರೆಯ ಬಿಡುಗಡೆ ಚೀಟಿ, ಎಕ್ಸ್-ರೇ, ಕಿವಿ ಪರೀಕ್ಷೆಯ ವರದಿ ಎಲ್ಲದರ ನಕಲು ಟ್ರಂಕಿನಲ್ಲಿರಲಿ. ಬೋರ್ಡಿನ ನಮೂನೆಯಲ್ಲಿ ಸೈನಿಕ ತನ್ನ ಕೈಯಾರೆ ಹೇಳಿಕೆ ಕೊಡುವ ಭಾಗವೊಂದಿದೆ: ತೊಂದರೆ ಎಲ್ಲಿ, ಯಾವಾಗ ಶುರುವಾಯಿತು, ಸೇವೆಯ ಯಾವ ಘಟನೆಯಿಂದ ಹೆಚ್ಚಾಯಿತು ಎಂದು. ಮನೆಗೆ ಹೋಗುವ ಆತುರದಲ್ಲಿ ಅದನ್ನು ಖಾಲಿ ಬಿಟ್ಟು ಸಹಿ ಹಾಕುವವರುಂಟು. ಬೋರ್ಡಿನ ಅಭಿಪ್ರಾಯದ ಪ್ರತಿಯನ್ನೂ ಕೇಳಿ ಪಡೆಯಬೇಕು. ಮುಂದೆ ಮೇಲ್ಮನವಿಗಾಗಲಿ, 2007ರ ಕಾಯಿದೆಯಂತೆ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗಾಗಲಿ ಹೋಗಬೇಕಾದರೆ ಅದೇ ಮೊದಲ ಕಾಗದ.

ಇನ್ನು ಕಿವಿ ಮಂದವಾದ ಆ ಹವಾಲ್ದಾರನ ವಿಷಯ. ನಿವೃತ್ತಿಗೆ ವರ್ಷವೊಂದು ಉಳಿದಿದ್ದರೂ ಅವನಿಗೆ ಸಮಯವಿದೆ. ನಾಳೆ ಬೆಳಿಗ್ಗೆ ಡಾಕ್ಟರ ಮುಂದೆ ನಿಂತು, ‘ಸಾಹೇಬರೇ, ಕೇಳಿಸುತ್ತಿಲ್ಲ’ ಎಂದು ಹೇಳಿದರಾಯಿತು.